ಹುಳು ನೇಯುವ ನಕ್ಷತ್ರ

ಡಿಸೆಂಬರ್ ಇಪ್ಪತ್ತೆರಡರ ನಸುಕು. ಕನಕಪುರ ತಾಲ್ಲೂಕಿನ ಅಂತೋಣಪ್ಪನದೊಡ್ಡಿಯಲ್ಲಿ ಇನ್ನೂ ಯಾವ ಮನೆಯ ಒಲೆಯೂ ಹೊತ್ತಿಲ್ಲ. ಚರ್ಚಿನ ಹಿಂಗೋಡೆಗೆ ಒತ್ತಿಕೊಂಡಂತೆ ನಿಂತಿರುವ ಹುಳುಮನೆಯ ಹೊಸ್ತಿಲಲ್ಲಿ ದೊಡ್ಡಲಕ್ಷ್ಮಮ್ಮ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಪಾದ ಅದ್ದುತ್ತಿದ್ದಾರೆ. ಅರವತ್ತು ದಾಟಿದ ವಯಸ್ಸು, ತೆಳ್ಳನೆಯ ಮೈ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು. ಹುಳುಮನೆ ನೋಡಲು ಬಂದವರ ಕಡೆ ತಿರುಗದೆಯೇ ಕೇಳುತ್ತಾರೆ: "ಸೆಂಟು ಗಿಂಟು ಹಾಕ್ಕೊಂಡಿದ್ದೀರಾ? ಹಾಕ್ಕೊಂಡಿದ್ರೆ ಅಲ್ಲೇ ನಿಂತ್ಕಳಿ. ಬೇಜಾರ್ ಮಾಡ್ಕಬ್ಯಾಡಿ, ಇವ್ಕೆ ಆಗಕಿಲ್ಲ."

ಒಳಗೆ ಮಬ್ಬು, ಹಸಿ ಸೊಪ್ಪಿನ ವಾಸನೆ. ಅಟ್ಟಣೆಗಳ ಮೇಲೆ ರೇಷ್ಮೆಹುಳುಗಳು ಹಿಪ್ಪುನೇರಳೆ ಎಲೆ ಕಡಿಯುತ್ತಿವೆ. ಎಣಿಸಲಾಗದಷ್ಟು ಪುಟ್ಟ ಬಾಯಿಗಳು ಒಟ್ಟಿಗೆ ಮಾಡುವ ಆ ಸದ್ದು ಎಷ್ಟು ಸಮನಾಗಿದೆಯೆಂದರೆ, ಸ್ವಲ್ಪ ಹೊತ್ತು ನಿಂತ ಮೇಲೆ ಕಿವಿ ಅದನ್ನು ಮೌನವೆಂದೇ ತಿಳಿದುಕೊಳ್ಳುತ್ತದೆ. ಹುಳು ಸಾಕುವವರಿಗೆ ಇದು ನೆಮ್ಮದಿಯ ಸದ್ದು. ಹುಳ ಮೇಯುತ್ತಿದೆ ಎಂದರೆ ಹುಳ ಚೆನ್ನಾಗಿದೆ ಎಂದೇ ಅರ್ಥ. ಆದರೆ ದೊಡ್ಡಲಕ್ಷ್ಮಮ್ಮನವರ ಮುಖದಲ್ಲಿ ಇವತ್ತು ನೆಮ್ಮದಿಯಿಲ್ಲ. ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸುತ್ತಾರೆ, ಮತ್ತೆ ಎಲೆಯ ಮೇಲೆ ಬಿಡುತ್ತಾರೆ.

"ಇನ್ನೂ ಹಸಿ. ಚಳಿ ನೋಡಿ, ಸಾವಕಾಸ ಮಾಡ್ತಾವೆ."

ಇಪ್ಪತ್ತನಾಲ್ಕರ ಸಂಜೆಗೆ ಕೆಲಸ ಮುಗಿಯಬೇಕಾದರೆ ಈ ಹುಳುಗಳು ಇವತ್ತೇ ಹಣ್ಣಾಗಬೇಕು. ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ಬಾಯಿಂದ ನೂಲು ಬಿಡಲು ಸಿದ್ಧವಾಗುವುದು. ಹಣ್ಣಾದರೆ ಅವು ದೊಡ್ಡಲಕ್ಷ್ಮಮ್ಮ ಕಟ್ಟಿಟ್ಟಿರುವ ಬಿದಿರಿನ ಚೌಕಟ್ಟಿನ ಮೇಲೆ ಒಂದು ನಕ್ಷತ್ರ ನೇಯುತ್ತವೆ. ಕ್ರಿಸ್‌ಮಸ್ಸಿಗೆ ಅದು ಚರ್ಚಿನ ಮುಖಮಂಟಪದಲ್ಲಿ ತೂಗುತ್ತದೆ. ಆಗದಿದ್ದರೆ ಚರ್ಚ್ ಕಮಿಟಿಯವರು ಆಗಲೇ ತಂದು ಪೆಟ್ಟಿಗೆಯಲ್ಲಿಟ್ಟಿರುವ ಆಳೆತ್ತರದ ಪ್ಲಾಸ್ಟಿಕ್ ನಕ್ಷತ್ರ ಏರುತ್ತದೆ. ಹಬ್ಬ ಮುಗಿದ ಮೇಲೆ ಅಂಥ ಸಾಮಾನೆಲ್ಲ ಎಲ್ಲಿಗೆ ಹೋಗುತ್ತದೆಂಬುದು ಈಕೆಗೆ ಗೊತ್ತು. ಚರ್ಚಿನ ಹಿಂದಿನ ತಗ್ಗಿಗೆ, ಬೆಂಕಿಗೆ. ಆ ಹೊಗೆ ಮೊದಲು ಬಂದು ಮುಟ್ಟುವುದು ಈ ಕಿಟಕಿಯನ್ನು.

ನಕ್ಷತ್ರ ನೇಯುವ ಬಗೆಯನ್ನು ಕೇಳಿದರೆ ಅವರು ಬಾಯಲ್ಲಿ ಹೇಳುವುದಿಲ್ಲ. ಮೂಲೆಯಲ್ಲಿ ಒರಗಿಸಿಟ್ಟ ಚೌಕಟ್ಟನ್ನು ತಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹಳೆಯ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟಲೆಂದು ಇಡುವ ಬಿದಿರಿನ ತಟ್ಟಿಗಳನ್ನು ಬಿಚ್ಚಿ, ಅವುಗಳ ಸೀಳುಗಳಿಂದಲೇ ಐದು ಮೂಲೆಯ ನಕ್ಷತ್ರ ಕಟ್ಟಿದ್ದಾರೆ. ಅಗಲ ಚಾಚಿದ ಎರಡು ಕೈಗಳಷ್ಟು. ಅದರ ಮೇಲೆ ಒಗೆದು ಒಗೆದು ಜಾಳಾದ ಹಳೆಯ ಪಂಚೆಯನ್ನು ತಮಟೆಯ ಚರ್ಮದ ಹಾಗೆ ಬಿಗಿದಿದ್ದಾರೆ. ಬಿದಿರು ಬಟ್ಟೆಗೆ ತಾಗುವ ಸಂದುಗಳಲ್ಲೆಲ್ಲ ರಾಗಿ ಅಂಬಲಿ ಅದ್ದಿದ ಬಟ್ಟೆಚೂರು ತುಂಬಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಮ ಮಾಡಿದ್ದಾರೆ. ಎಲ್ಲಿಯೂ ಒಂದು ಗುಳಿ ಉಳಿಯಬಾರದು. ಯಾಕೆಂದು ಕೇಳಿದ್ದಕ್ಕೆ ಹೇಳುತ್ತಾರೆ:

"ಮೂಲೆ ಸಿಕ್ಕುದ್ರೆ ಹುಳ ಮನೆ ಕಟ್ಟುತ್ತೆ. ಬಯಲು ಸಿಕ್ಕುದ್ರೆ ಹಾಸುತ್ತೆ. ಅಷ್ಟೇ ಸ್ವಾಮಿ ಇದ್ರೊಳಗಿರೋ ಇಸ್ಯ."

ಅಷ್ಟೇ ವಿಷಯ. ರೇಷ್ಮೆಹುಳುವಿಗೆ ಗೂಡು ಕಟ್ಟಲು ಆಚೀಚೆ ಆಸರೆ ಬೇಕು. ಆಸರೆ ಸಿಗದಿದ್ದರೆ ಅದು ನೂಲು ಬಿಡುವುದನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಲು ಅದರಿಂದಾಗದು. ಹುಡುಕುತ್ತಾ ನಡೆಯುತ್ತದೆ, ನಡೆದ ದಾರಿಯುದ್ದಕ್ಕೂ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ನೂಲು ಹಾಸುತ್ತದೆ. ಒಂದರ ದಾರಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಎರಡು ಮೂರು ದಿನ ಕಳೆದರೆ, ಕೈಮಗ್ಗವಾಗಲಿ ಸೂಜಿಯಾಗಲಿ ಮುಟ್ಟದ, ಹೊಲಿಗೆಯಿಲ್ಲದ ಒಂದು ಹಳದಿ ರೇಷ್ಮೆಯ ಪೊರೆ ತಯಾರು. ಕಾಗದಕ್ಕಿಂತ ತೆಳುವಾದರೂ ಎಳೆದರೆ ಹರಿಯುವುದಿಲ್ಲ. ಹೋದ ವರ್ಷದ ಒಂದು ತುಂಡನ್ನು ಅವರು ಡಬ್ಬಿಯಿಂದ ತೆಗೆದು ಅಂಗೈ ಮೇಲೆ ಇಟ್ಟಾಗ, ಅದು ಅಲ್ಲಿದೆಯೆಂದು ಚರ್ಮಕ್ಕೆ ತಿಳಿಯಲೇ ಇಲ್ಲ. ಕಣ್ಣಿಗೆ ಮಾತ್ರ ತಿಳಿಯಿತು.

ಇದನ್ನು ಅವರು ಯಾರಿಂದಲೂ ಕಲಿತದ್ದಲ್ಲ. ತಪ್ಪು ಮಾಡಿ ತಿಳಿದದ್ದು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಅವರು ಪಕ್ಕದ ಊರಿನ ಕೆಂಪಯ್ಯನವರ ಹುಳುಮನೆಗೆ ಕೂಲಿಗೆ ಹೋಗುತ್ತಿದ್ದರು. ಒಮ್ಮೆ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ಚಂದ್ರಿಕೆ ಸಾಲದೆ ಹೋಯಿತು. ನೆಲದ ಮೇಲೆ ಪಂಚೆ ಹಾಸಿ, ಮಿಕ್ಕ ಹುಳುಗಳನ್ನು ಅದರ ಮೇಲೆ ಬಿಟ್ಟು, ಬಾಡಿಗೆ ಚಂದ್ರಿಕೆ ಕೇಳಲು ಓಡಿದರು. ಚಂದ್ರಿಕೆ ಸಿಕ್ಕಿದ್ದು ಮಾರನೆಯ ದಿನ. ಅಷ್ಟರಲ್ಲಿ ಪಂಚೆ ಹಳದಿಯಾಗಿತ್ತು.

"ಒಂದ್ ಗೂಡೂ ಇಲ್ಲ! ಕೆಂಪಯ್ಯನೋರು ಬೈದ್ರು ಅಂದ್ರೆ... 'ಏನಮ್ಮಿ, ಹುಳ ಕೊಟ್ರೆ ಕಂಬ್ಳಿ ಹೊಲ್ದಿದ್ದೀಯಲ್ಲ, ಇದ ತಕ್ಕೊಂಡೋಗಿ ರಾಮನಗರದ ಮಾರ್ಕೆಟ್ನಾಗೆ ಹೊದ್ಕೊಂಡ್ ಕೂತ್ಕೊಳ್ಳಾ?' ಅಂದ್ರು. ಪಂಚೆ ನನ್ ಮಕದ ಮೇಲೇ ಎಸುದ್ರು." ಹೇಳುತ್ತಾ ನಗುತ್ತಾರೆ. ಆ ಪಂಚೆಯನ್ನು ಅವರು ಎಸೆಯಲಿಲ್ಲ. ಮಗಳು ಸುಮನಾ ಹುಟ್ಟಿದಾಗ ಕೂಸಿಗೆ ಅದನ್ನೇ ಹೊದಿಸಿದರಂತೆ. ಸುಮನಾ ಈಗ ರಾಮನಗರದಲ್ಲಿ ಬಸ್ ಕಂಡಕ್ಟರ್. ತಾಯಿಯ ಬಗ್ಗೆ ಕೇಳಿದರೆ ಆಕೆ ಹೇಳುವುದು ಒಂದೇ ಮಾತು: "ನಮ್ಮವ್ವಂಗೆ ಹುಳನೇ ಮಕ್ಳು. ನಾವೆಲ್ಲ ಸೊಪ್ಪು."

ದೊಡ್ಡಲಕ್ಷ್ಮಮ್ಮ ಕ್ರೈಸ್ತರಲ್ಲ. ಅವರ ಮನೆಯಲ್ಲಿರುವುದು ಮಾರಮ್ಮನ ಪಟ. ಆದರೆ ಅವರ ಗೋಡೆಯೂ ಚರ್ಚಿನ ಗೋಡೆಯೂ ಒಂದೇ. ಊರಿನ ಅರ್ಧ ಮನೆಗಳು ಕಥೋಲಿಕರವು, ಹೆಚ್ಚಿನವರು ರೇಷ್ಮೆಯನ್ನೇ ನಂಬಿದವರು. ಕ್ರಿಸ್‌ಮಸ್ ಕಜ್ಜಾಯ ಈ ಗೋಡೆ ದಾಟುತ್ತದೆ, ಮಾರಮ್ಮನ ಹಬ್ಬದ ತಂಬಿಟ್ಟು ಆ ಗೋಡೆ ದಾಟುತ್ತದೆ. ಹೊಗೆಯೂ ಹಾಗೆಯೇ ದಾಟಿತು.

ಅದು ಎರಡು ವರ್ಷದ ಹಿಂದಿನ ಹಬ್ಬದ ಮಾತು. ಆ ಸಲ ಚರ್ಚಿನ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು, ಥರ್ಮಾಕೋಲಿನಲ್ಲಿ ಕಟ್ಟಿಸಿದ್ದರು. ದನದ ಕೊಟ್ಟಿಗೆ, ಹಿಮದ ಗುಡ್ಡ, ಪ್ಲಾಸ್ಟಿಕ್ ಹುಲ್ಲು, ಮಿಂಚಿನ ಕಾಗದ. ನೋಡಲು ಆಸುಪಾಸಿನ ಊರಿನವರೆಲ್ಲ ಬಂದರು. ಜನವರಿ ಆರರ ಮೂರು ರಾಯರ ಹಬ್ಬ ಕಳೆದ ಮೇಲೆ ಅದನ್ನೆಲ್ಲ ಹಿಂದಿನ ತಗ್ಗಿಗೆ ಹಾಕಿ ಬೆಂಕಿ ಇಟ್ಟರು. ಕೆಟ್ಟ ಮನಸ್ಸಿನಿಂದ ಅಲ್ಲ. ಕಸವನ್ನು ಸುಡುವುದೇ ಚೊಕ್ಕಟ ಮಾಡುವುದೆಂದು ತಿಳಿದಿದ್ದರು. ಆಗ ದೊಡ್ಡಲಕ್ಷ್ಮಮ್ಮನವರ ಹುಳುಗಳು ಎರಡನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಕಳಚಲು ಮೇವು ಬಿಟ್ಟು ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳುವಿನ ಮೈ ಎಳೆಗೂಸಿನ ಹಾಗೆ, ಎಲ್ಲವನ್ನೂ ಬೇಗ ಹೀರುತ್ತದೆ.

"ತಲೆ ಎತ್ತುದ್ವು. ಎತ್ತಿದ್ದು ಇಳಿಸ್ನೇ ಇಲ್ಲ. ಸೊಪ್ಪು ಹಾಕುದ್ರೆ ಮುಟ್ನಿಲ್ಲ. ಬಾಯಿಂದ ಹಸ್ರು ನೀರು ಬುಟ್ವು." ಇಷ್ಟು ಹೇಳಿ ಅವರು ಸೊಪ್ಪು ಹರಡಲು ಎದ್ದುಹೋಗುತ್ತಾರೆ. ಮುಂದಿನದನ್ನು ಹೇಳಿದ್ದು ಗೆಳತಿ ಲೂರ್ದಮ್ಮ. ಚರ್ಚಿನ ಎದುರು ಮನೆಯವರು, ನಲವತ್ತು ವರ್ಷದ ಜೊತೆ.

"ಇವ್ಳು ಯಾರಿಗೂ ಹೇಳ್ಲಿಲ್ಲ ಕಣ್ರೀ. ಹುಳನೆಲ್ಲ ಗುಂಡಿಗ್ ಹಾಕಿ ಸುಣ್ಣ ಹುಯ್ದು ಮುಚ್ಚವ್ಳೆ, ನಂಗೂ ಹೇಳಿಲ್ಲ. ಗೂಡು ಬಿಡಿಸೋ ಹೊತ್ಗೆ ಕರೀತಾಳೆ ಕರೀತಾಳೆ ಅಂತ ನಾನ್ ಕಾಯ್ತಾ ಕೂತಿವ್ನಿ. ಕರೀಲೇ ಇಲ್ಲ. ಬಂದ್ ನೋಡುದ್ರೆ ಚಂದ್ರಿಕೆ ಎಲ್ಲಾ ಬರೀ ಬಿದ್ರು. ಆವಾಗ ಗೊತ್ತಾಯ್ತು. ನಾನು ಚರ್ಚಲ್ಲಿ ಎಲ್ರ ಮುಂದೇನೇ ಕೂಗಾಡ್ಬುಟ್ಟೆ."

ಕಮಿಟಿಯವರು ಬಂದು ನಷ್ಟ ಎಷ್ಟೆಂದು ಕೇಳಿದರು. ದೊಡ್ಡಲಕ್ಷ್ಮಮ್ಮ ನಷ್ಟದ ಮಾತೆತ್ತಲಿಲ್ಲ. "ನಕ್ಷತ್ರ ನಾನ್ ಮಾಡ್ಕೊಡ್ಲಾ?" ಎಂದಷ್ಟೇ ಕೇಳಿದರು. ಆಗ ಯಾರಿಗೂ ಅದರ ಅರ್ಥವಾಗಲಿಲ್ಲ.

ಹೋದ ವರ್ಷ ಲೂರ್ದಮ್ಮನವರ ಬಾಗಿಲಿಗೆ ಹುಳುಗಳು ನೇಯ್ದ, ಮೊರದಗಲದ ಒಂದು ನಕ್ಷತ್ರ ಬಂತು. ಅದನ್ನು ಕಂಡವರು ಪ್ಲಾಸ್ಟಿಕ್, ಥರ್ಮಾಕೋಲಿನ ಸಾಮಾನನ್ನು ತಾವಾಗಿಯೇ ಒಂದೊಂದಾಗಿ ಬಿಡುತ್ತಾ ಬಂದರು. ಈ ಸಲದ ಗೋದಲಿಯನ್ನು ಹಿಪ್ಪುನೇರಳೆ ಕಡ್ಡಿಯಿಂದ ಕಟ್ಟಿದ್ದಾರೆ, ಮಾಡು ರಾಗಿಹುಲ್ಲಿನದು, ನೆಲಕ್ಕೆ ಹುಳುಗಳ ಹಿಕ್ಕೆಯನ್ನೇ ಮಣ್ಣಿನ ಹಾಗೆ ಹರಡಿದ್ದಾರೆ. ಕ್ರಿಸ್‌ಮಸ್ ಮರವೆಂದರೆ ಕುಂಡದಲ್ಲಿ ನಿಲ್ಲಿಸಿದ ಒಂದು ಹಿಪ್ಪುನೇರಳೆ ಕೊಂಬೆ, ಅದರ ತುಂಬ ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಗುಂಡುಗಳು. ಹಬ್ಬ ಮುಗಿದರೆ ಗುಂಡುಗಳು ಡಬ್ಬಿಗೆ, ಹುಲ್ಲು ಹಸುವಿಗೆ, ಉಳಿದದ್ದೆಲ್ಲ ಗೊಬ್ಬರದ ಗುಂಡಿಗೆ. ಮುಖಮಂಟಪದ ದೊಡ್ಡ ನಕ್ಷತ್ರ ಮಾತ್ರ ತೀರ್ಮಾನವಾಗದೆ ಉಳಿದಿತ್ತು.

ಕಮಿಟಿಯ ಕಾರ್ಯದರ್ಶಿ ಚೌರಪ್ಪ ಕಸುಬಿನಲ್ಲಿ ಎಲೆಕ್ಟ್ರಿಷಿಯನ್, ನಲವತ್ತರ ಆಸುಪಾಸು. ಒಳ್ಳೆಯ ಮನುಷ್ಯ, ಆದರೆ ಹುಳುವಿನ ಮಾತಿನ ಮೇಲೆ ಹಬ್ಬ ನಿಲ್ಲಿಸಲು ತಯಾರಿಲ್ಲ. ಪ್ಲಾಸ್ಟಿಕ್ ನಕ್ಷತ್ರ ತಂದಿಟ್ಟವರು ಇವರೇ. ಇಪ್ಪತ್ತೆರಡರ ಬೆಳಗ್ಗೆಯೇ ಹೊಸ್ತಿಲಾಚೆ ಬಂದು ನಿಲ್ಲುತ್ತಾರೆ.

"ಏನ್ ದೊಡ್ಡಮ್ಮ, ನಿನ್ ಸೊಸೇರು ಎದ್ರಾ?"

"ಇನ್ನೂ ಉಣ್ತಾವ್ರೆ ಕಣಪ್ಪ."

"ಉಂಡಿದ್ದು ಸಾಕು, ಕೆಲ್ಸಕ್ ಹಚ್ಚು. ರೂಮ್ ಹೀಟರ್ ತಂದ್ಕೊಡ್ಲಾ? ಒಂದಿನದಲ್ಲಿ ಹಣ್ಣಾಯ್ತವೆ."

"ಸೆಕೆ ಕೊಟ್ಟು ಹಣ್ ಮಾಡುದ್ರೆ ನೂಲಿರಕಿಲ್ಲ ಚೌರಪ್ಪ. ಕಾಯ್ಬೇಕು."

"ನಾನೇನೋ ಕಾಯ್ತೀನಿ. ಯೇಸುಸ್ವಾಮಿ ಕಾಯ್ತಾನಾ? ಇಪ್ಪತ್ತನಾಲ್ಕರ ರಾತ್ರೀಗೆ ಹುಟ್ಟೇಬುಡ್ತಾನೆ."

ಅವರು ನಗುತ್ತಾರೆ, ಈಕೆಯೂ ನಗುತ್ತಾರೆ. ಆಮೇಲೆ ಚೌರಪ್ಪ ದನಿ ತಗ್ಗಿಸಿ ಹೇಳುತ್ತಾರೆ, ಅವತ್ತು ಸಂಜೆ ಪೂಜೆಗೆ ಗಂಟೆ ಹೊಡೆಯುವ ಹೊತ್ತಿಗೆ ಮಂಟಪದಲ್ಲಿ ಒಂದು ನಕ್ಷತ್ರ ಇರಲೇಬೇಕು, ಯಾವುದಾದರೂ ಸರಿ. ಪ್ಲಾಸ್ಟಿಕ್ಕಿನದು ವರ್ಷಗಟ್ಟಲೆ ಬಾಳಿಕೆ ಬರುತ್ತದೆ, ಸುಡುವ ಮಾತೇ ಇಲ್ಲ.

"ಎಲ್ಡು ವರ್ಸ ಬತ್ತದೆ," ಎನ್ನುತ್ತಾರೆ ದೊಡ್ಡಲಕ್ಷ್ಮಮ್ಮ. "ಆಮೇಲೆ ವೈರ್ ಹೋಯ್ತದೆ, ಬಣ್ಣ ಹೋಯ್ತದೆ. ಆಮೇಲೆ?"

ಚೌರಪ್ಪ ಮಾತು ತಿರುಗಿಸುತ್ತಾರೆ. ಹೊಗೆಯೆಂದರೆ ಇಷ್ಟು ಹೆದರುವುದೇಕೆ, ಬಾಣಂತಿ ಮನೆಯಲ್ಲೂ ಸಾಂಬ್ರಾಣಿ ಹೊಗೆ ಹಾಕುವುದಿಲ್ಲವೇ ಎಂದು ಕೆಣಕುತ್ತಾರೆ. "ಸಾಂಬ್ರಾಣಿ ಹಾಕ್ತಾರೆ ಕಣಪ್ಪ. ಕೂಸಿನ ಮಗ್ಗುಲಲ್ಲಿ ತರ್ಮಾಕೋಲ್ ಸುಡ್ತಾರಾ?" ಎಂಬ ಉತ್ತರಕ್ಕೆ ಗೋಡೆಯಾಚೆ, ಚರ್ಚಿನಂಗಳದಿಂದ ಲೂರ್ದಮ್ಮನವರ ನಗು ಕೇಳಿಸುತ್ತದೆ.

ಇಪ್ಪತ್ತಮೂರರಂದು ಹುಳುಗಳು ಮೇಯುವ ಸದ್ದು ತುಸು ತಗ್ಗುತ್ತದೆ. ದೊಡ್ಡಲಕ್ಷ್ಮಮ್ಮ ಅಂದು ಊಟಕ್ಕೂ ಏಳುವುದಿಲ್ಲ. ಅಟ್ಟಣೆಯಿಂದ ಅಟ್ಟಣೆಗೆ ನಡೆಯುತ್ತಾರೆ, ಕಿವಿಗೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಮೂಲೆಯಲ್ಲಿ ಬೆರಳೆಣಿಕೆಯ ಹುಳುಗಳು ಎಲೆ ಬಿಟ್ಟು ತಲೆ ಎತ್ತಿವೆ, ಗಾಳಿಯಲ್ಲಿ ಏನನ್ನೋ ಹುಡುಕುತ್ತಿವೆ. ಅವುಗಳ ಕೊರಳು ಪಾರದರ್ಶಕವಾಗಿದೆ. ನಾಲ್ಕು ಹುಳುವಿನಿಂದ ನಕ್ಷತ್ರವಾಗುವುದಿಲ್ಲ. ಆದರೂ ಅವರ ಮುಖ ಅರಳುತ್ತದೆ.

"ಒಬ್ಳು ಎದ್ರೆ ಸಾಕು. ಮಿಕ್ಕವ್ರೂ ಎದ್ದೇಳ್ತಾರೆ."

ಇಪ್ಪತ್ತನಾಲ್ಕರ ಬೆಳಕು ಹರಿಯುವಾಗ ಅಟ್ಟಣೆಯ ಒಂದು ಸಾಲು ಪೂರ್ತಿ ಹಣ್ಣಾಗಿದೆ. ಆಗ ಕೆಲಸ ಶುರುವಾಗುತ್ತದೆ. ಹಣ್ಣಾದ ಹುಳು ನೂಲು ತೆಗೆಯುವ ಮೊದಲು ಮೈಯೊಳಗಿನ ಕೊನೆಯ ನೀರನ್ನು ಬಿಡುತ್ತದೆ. ಆ ಹನಿ ರೇಷ್ಮೆಯ ಮೇಲೆ ಬಿದ್ದರೆ ಕಲೆ, ಹೋಗುವುದೇ ಇಲ್ಲ. ನೀರು ಬಿಟ್ಟ ಮೇಲೆ ತಡಮಾಡಿದರೆ ಹುಳು ಸಿಕ್ಕಲ್ಲೇ ಗೂಡು ಹಿಡಿಯುತ್ತದೆ. ಈ ಎರಡರ ನಡುವೆ ಇರುವುದು ಚಿಕ್ಕದೊಂದು ಹೊತ್ತು. ದೊಡ್ಡಲಕ್ಷ್ಮಮ್ಮ ಒಂದೊಂದು ಹುಳುವನ್ನೂ ಅಂಗೈ ಮೇಲೆ ಇಟ್ಟುಕೊಂಡು ಕಾಯುತ್ತಾರೆ. ಅವರ ಬೆರಳು ಅಲುಗುವುದಿಲ್ಲ. ಅಂಗೈ ಒದ್ದೆಯಾದ ಕೂಡಲೇ ಹುಳುವನ್ನು ಎತ್ತಿ ಪಂಚೆಯ ಮೇಲೆ ಇಡುತ್ತಾರೆ, ಕೈಯನ್ನು ಸೆರಗಿಗೆ ಒರೆಸಿಕೊಂಡು ಇನ್ನೊಂದನ್ನು ಎತ್ತುತ್ತಾರೆ. ಕೈ ಯಂತ್ರದ ಹಾಗೆ ಓಡುವುದಿಲ್ಲ. ಪ್ರತಿ ಸಲವೂ ಮೊದಲ ಸಲದ ಹಾಗೆಯೇ ನಿಂತು ಕಾಯುತ್ತದೆ.

ಹುಳುಗಳಿಗೆ ಮೇಲಕ್ಕೆ ಹತ್ತುವ ಚಟ. ಚೌಕಟ್ಟನ್ನು ಹಾಗೆಯೇ ಬಿಟ್ಟರೆ ಎಲ್ಲವೂ ಮೇಲಿನ ಮೂಲೆ ಸೇರಿ, ಕೆಳಗೆ ಬರೀ ಪಂಚೆ ಉಳಿಯುತ್ತದೆ. ಅದಕ್ಕೇ ಆಗಾಗ ನಕ್ಷತ್ರವನ್ನು ಒಂದು ಮೂಲೆಯಷ್ಟು ತಿರುಗಿಸಬೇಕು. ಮೇಲಿದ್ದವು ಕೆಳಗಾಗುತ್ತವೆ, ಮತ್ತೆ ಹತ್ತಲು ಹೊರಡುತ್ತವೆ, ಹತ್ತುವ ದಾರಿಯಲ್ಲಿ ಹಾಸುತ್ತವೆ. ರಜೆ ಹಾಕಿ ಬಂದ ಸುಮನಾ ತಿರುಗಿಸುವ ಕೆಲಸ ಹಿಡಿದಿದ್ದಾರೆ. "ರೈಟ್, ರೈಟ್," ಎಂದು ಬಸ್ಸಿಗೆ ಹೇಳುವಂತೆ ಹುಳುಗಳಿಗೆ ಹೇಳುತ್ತಾರೆ. "ಮುಂದಕ್ಕೋಗಿ, ಮುಂದೆ ಜಾಗ ಐತೆ."

ಮಧ್ಯಾಹ್ನ ಇಳಿಯುವಾಗ ಚೌರಪ್ಪ ಏಣಿ ಹೊತ್ತು ಬರುತ್ತಾರೆ. ಹಿಂದೆ ಇಬ್ಬರು ಪೆಟ್ಟಿಗೆ ಹೊತ್ತಿದ್ದಾರೆ. ಹುಳುಮನೆಯ ಬಾಗಿಲಲ್ಲಿ ಇಣುಕಿ ನೋಡಿ ನಿಂತುಬಿಡುತ್ತಾರೆ. ನಕ್ಷತ್ರದ ಮೇಲೆ ಇನ್ನೂ ಮಂಜಿನಷ್ಟೇ ರೇಷ್ಮೆ, ಪಂಚೆಯ ಬಿಳುಪು ಕಾಣುತ್ತಲೇ ಇದೆ. ಅದರ ತುಂಬ ಜೇನುಬಣ್ಣದ ಹುಳುಗಳು ತಲೆ ಆಡಿಸುತ್ತಾ ನಡೆಯುತ್ತಿವೆ.

"ಮುಗ್ದಿಲ್ಲ," ಎನ್ನುತ್ತಾರೆ ದೊಡ್ಡಲಕ್ಷ್ಮಮ್ಮ. ಸುಳ್ಳು ಹೇಳುವುದು ಅವರಿಗೆ ಬಾರದು. "ನಾಡಿದ್ದು ಮುಗೀತದೆ."

"ಈಗ ಏನ್ ಮಾಡಾನ ದೊಡ್ಡಮ್ಮ?"

"ಹಿಂಗೇ ಏರ್ಸೋದಾದ್ರೆ ಏರ್ಸಿ. ಅಲ್ಲೇ ನೇಯ್ಕೊತವೆ. ಆದ್ರೆ ಲೈಟ್ ಹತ್ತಿಸ್ಬ್ಯಾಡಿ. ಬೆಳಕು ಬಿದ್ರೆ ಎಲ್ಲಾ ಒಂದೇ ಕಡೀಕ್ ಓಡ್ತವೆ. ಧೂಪಾನೂ ಬ್ಯಾಡ."

ಎಲೆಕ್ಟ್ರಿಷಿಯನ್ ಚೌರಪ್ಪನವರಿಗೆ ಈ ಮಾತನ್ನು ಅರಗಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. "ನಕ್ಷತ್ರ ಅಂದ್ಮ್ಯಾಕೆ ಹತ್ಬೇಕಲ್ವಾ?" ಎನ್ನುತ್ತಾರೆ, ಬಹುಶಃ ತಮಗೇ. ಒಂದು ಹುಳು ಚೌಕಟ್ಟಿನ ಅಂಚಿಗೆ ಬಂದು, ಮುಂದೆ ಜಾಗವಿಲ್ಲದ್ದನ್ನು ಕಂಡು, ತಲೆಯನ್ನು ಗಾಳಿಗೆ ಚಾಚಿ ಒಂದು ಎಳೆಯನ್ನು ಬಿಡುತ್ತದೆ. ಆ ಎಳೆ ಚೌರಪ್ಪನವರ ಅಂಗಿಯ ತೋಳಿಗೆ ತಾಗಿ ಅಂಟಿಕೊಳ್ಳುತ್ತದೆ. ಅವರು ಕೈ ಎಳೆದುಕೊಳ್ಳುವುದಿಲ್ಲ. ಹುಳು ತಿರುಗಿ ಹೋಗುವವರೆಗೂ ಹಾಗೆಯೇ ನಿಂತಿರುತ್ತಾರೆ. ಆಮೇಲೆ ಏಣಿಯನ್ನು ಹೆಗಲಿಗೇರಿಸಿಕೊಂಡು ಹೋಗಿ, ಮುಖಮಂಟಪದ ಬಲ್ಬನ್ನು ತಾವೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಪೆಟ್ಟಿಗೆ ಹೊತ್ತವರಿಗೆ ಹೇಳುತ್ತಾರೆ: "ಅದ್ನ ವಾಪಸ್ ಇಟ್ ಬನ್ರೋ. ಬಿಲ್ಲು ಹರೀಬ್ಯಾಡಿ, ಅಂಗ್ಡಿಯೋನ್ ಹತ್ರ ನಾನ್ ಮಾತಾಡ್ತೀನಿ."

ಚರ್ಚಿನ ಫಾದರ್ ಒಪ್ಪಿದರು. ಧೂಪದ ಪಾತ್ರೆ ಆ ಸಂಜೆ ಮಂಟಪಕ್ಕೆ ಬರಲಿಲ್ಲ, ಪಕ್ಕದ ಬಾಗಿಲಿನಿಂದ ಒಳಗೆ ಹೋಯಿತು. ಇರುವೆ ಹತ್ತದಂತೆ ಹಗ್ಗಕ್ಕೆ ಬೇವಿನೆಣ್ಣೆ ಸವರಿ, ಎರಡು ಕಂಬಗಳ ನಡುವೆ, ಕೈಗೆಟುಕಿ ತಿರುಗುವ ಹಾಗೆ ನಕ್ಷತ್ರವನ್ನು ಕಟ್ಟಿದರು. ಹಬ್ಬದ ಬಟ್ಟೆಯಲ್ಲಿ ಬಂದವರು ಕತ್ತಲಿದ್ದ ಮಂಟಪದಲ್ಲಿ ಒಮ್ಮೆ ನಿಂತು, ತಲೆ ಎತ್ತಿ, ಅದನ್ನು ಒಂದು ಮೂಲೆಯಷ್ಟು ತಿರುಗಿಸಿ ಒಳಗೆ ಹೋಗುತ್ತಿದ್ದರು. ಹಾಗೆ ಮಾಡಿರೆಂದು ಯಾರೂ ಸಾರಿ ಹೇಳಿರಲಿಲ್ಲ. ಮೊದಲು ತಿರುಗಿಸಿದ್ದು ಲೂರ್ದಮ್ಮ. ಅವರ ಹಿಂದಿನವರು ಅದನ್ನು ನೋಡಿದರು, ಅವರ ಹಿಂದಿನವರು ಇವರನ್ನು. ಪಟಾಕಿ ತಂದಿದ್ದ ಹುಡುಗರು ಕೆರೆ ಏರಿಯ ಆಚೆಗೆ ಹೋಗಿ, ಒಂದನ್ನೂ ಹಚ್ಚದೆ ವಾಪಸಾದರು. ಗಾಳಿ ಊರಿನ ಕಡೆಗೇ ಬೀಸುತ್ತಿತ್ತಂತೆ.

ಕ್ರಿಸ್‌ಮಸ್ ಬೆಳಗ್ಗೆ, ಮುಂಜಾನೆಯ ಪೂಜೆ ಮುಗಿದು ಜನ ಹೊರಗೆ ಬರುವಾಗ ಮೂಡಣ ಗುಡ್ಡದ ಬಂಡೆಗಳ ಹಿಂದಿನಿಂದ ಸೂರ್ಯ ಎದ್ದಿದ್ದಾನೆ. ಬಿಸಿಲು ನೇರವಾಗಿ ಮಂಟಪದೊಳಕ್ಕೆ ಬಂದು ನಕ್ಷತ್ರದ ಬೆನ್ನಿಗೆ ಬೀಳುತ್ತದೆ. ರಾತ್ರಿಯಿಡೀ ಹಾಸಿದ ನೂಲು ಈಗ ಪಂಚೆಯನ್ನು ಮುಚ್ಚಿದೆ. ಇಡೀ ನಕ್ಷತ್ರ ಬೆಳಗುತ್ತಿದೆ, ಮತ್ತು ಆ ಬೆಳಕು ಚಲಿಸುತ್ತಿದೆ. ಬೆಳಕಿಗೆ ಬೆದರಿದ ಹುಳುಗಳು ನೆರಳಿದ್ದ ಬದಿಗೆ ನಿಧಾನ ಸರಿಯುತ್ತಿವೆ. ಒಂದೊಂದರ ಮೈಯೊಳಗೂ ಸೂರ್ಯ ಕಾಣುತ್ತಾನೆ. ಬಾಗಿಲಲ್ಲಿ ಮುಂದಿದ್ದವರು ನಿಂತರು, ಅದರಿಂದ ಹಿಂದಿದ್ದವರೂ ನಿಂತರು. "ಹ್ಯಾಪಿ ಕ್ರಿಸ್‌ಮಸ್" ಎಂದು ಕೈ ಕುಲುಕುವುದನ್ನು ಯಾರೂ ಶುರುಮಾಡುವುದಿಲ್ಲ. ಒಬ್ಬ ಮುದುಕ ಟೊಪ್ಪಿ ತೆಗೆದ. ಎಲ್ಲೋ ಒಂದು ಕೂಸು ಅತ್ತು ಸುಮ್ಮನಾಯಿತು.

ಆ ಗುಂಪಿನಲ್ಲಿ ದೊಡ್ಡಲಕ್ಷ್ಮಮ್ಮ ಇಲ್ಲ.

ಹುಳುಮನೆಯಲ್ಲಿ ಸದ್ದು ಪೂರ್ತಿ ನಿಂತಿದೆ. ಉಳಿದ ಹುಳುಗಳೆಲ್ಲ ಈ ಬೆಳಗ್ಗೆಯೇ ಒಟ್ಟಿಗೆ ಹಣ್ಣಾಗಿವೆ. ತಾಯಿ ಮಗಳು ಇಬ್ಬರೇ ಮೊಣಕಾಲೂರಿ ಹುಳು ಆಯುತ್ತಾ ಚಂದ್ರಿಕೆಗೆ ಬಿಡುತ್ತಿದ್ದಾರೆ, ಹೊತ್ತು ಮೀರಿದರೆ ಬೆಳೆಯೆಲ್ಲ ಸೊಪ್ಪಿನ ನಡುವೆಯೇ ಗೂಡಾಗಿ ಕೆಡುತ್ತದೆ. ಕೂಲಿಯವರು ಸಿಗುವ ದಿನವಲ್ಲ ಇದು, ಊರಿಗೆಲ್ಲ ಹಬ್ಬ. "ನೀನು ಹೋಗಿ ಒಂದ್ಸಲ ನೋಡ್ಕೊಂಡ್ ಬಾರವ್ವ, ನಾನಿರ್ತೀನಿ," ಎಂದು ಸುಮನಾ ಎರಡು ಮೂರು ಸಲ ಹೇಳುತ್ತಾರೆ. ದೊಡ್ಡಲಕ್ಷ್ಮಮ್ಮ ಇನ್ನೊಂದು ಹುಳು ಎತ್ತಿಕೊಳ್ಳುತ್ತಾರೆ.

ಬಾಗಿಲಲ್ಲಿ ನೆರಳು ಬೀಳುತ್ತದೆ. ಲೂರ್ದಮ್ಮ. ಅವರ ಹಿಂದೆ ಊರಿನ ಹೆಂಗಸರು, ಜರಿ ಸೀರೆಗಳಲ್ಲಿ, ಒಬ್ಬೊಬ್ಬರಾಗಿ ಜಗುಲಿಯ ಮೇಲೆ ಮಲ್ಲಿಗೆ ಬಿಚ್ಚಿಟ್ಟು, ತೊಟ್ಟಿಯಲ್ಲಿ ಮುಖದ ಪೌಡರು ತೊಳೆದುಕೊಳ್ಳುತ್ತಿದ್ದಾರೆ. ಸೆರಗು ಸಿಕ್ಕಿಸಿ, ಬ್ಲೀಚಿಂಗ್ ನೀರಿಗೆ ಪಾದ ಅದ್ದಿ ಒಳಗೆ ಬರುತ್ತಾರೆ.

"ಈ ಸಲಾನೂ ಕರೀಲಿಲ್ವಲ್ಲ ಕಣಮ್ಮಿ ನೀನು," ಎಂದು ಲೂರ್ದಮ್ಮ ಗದರುತ್ತಾ ಪಕ್ಕದಲ್ಲಿ ಕೂರುತ್ತಾರೆ.

"ಹಬ್ಬದ ದಿನ ಹೆಂಗ್ ಕರೆಯೋದು?"

"ಹಬ್ಬನೇ ಇಲ್ಲಿಗ್ ಬಂದದೆ. ಸರಿ, ಮೊರ ಇತ್ತಾ ತಳ್ಳು."

ಮಧ್ಯಾಹ್ನದ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಹತ್ತಿದೆ. ಈ ಗೂಡುಗಳು ಬಲಿತು, ಬಿಡಿಸಿ, ರಾಮನಗರದ ಮಾರುಕಟ್ಟೆಗೆ ಹೋಗುತ್ತವೆ, ಅಲ್ಲಿಂದ ಒಳಗಿನ ಹುಳುವಿನ ಸಮೇತ ಬಿಸಿನೀರಿಗೆ. ನಕ್ಷತ್ರದ ಹುಳುಗಳು ಮಾತ್ರ ಗೂಡಿಲ್ಲದೆ ಬರಿಮೈಯಲ್ಲಿ ಕೋಶವಾಗಿ, ಚಿಟ್ಟೆಯಾಗಿ ಎದ್ದು, ಕೆಲವು ದಿನ ಬದುಕಿ ಸಾಯುತ್ತವೆ. ಅವುಗಳ ಜೀವ ಉಳಿಸಿದ ಪುಣ್ಯದ ಮಾತನ್ನು ಯಾರೋ ಎತ್ತಿದಾಗ ದೊಡ್ಡಲಕ್ಷ್ಮಮ್ಮ ತಡೆಯುತ್ತಾರೆ. "ಅಯ್ಯೋ ಸುಮ್ಕಿರಿ. ಹಿಡಿಯಷ್ಟು ಉಳ್ಕೊಂಡ್ವು. ಮಿಕ್ಕಿದ್ದಕ್ಕೆಲ್ಲ ನಾನೇ ಯಮ. ನಂಗೆ ಗೊತ್ತದೆ."

ಜಗುಲಿಯಲ್ಲಿ ಮುತ್ತುಗದ ಎಲೆಯ ಮೇಲೆ ಎಲ್ಲರೂ ಕಜ್ಜಾಯ ತಿನ್ನುತ್ತಾರೆ. ಚೌರಪ್ಪ ಬಂದು, ಅಂಗಡಿಯವನು ಪ್ಲಾಸ್ಟಿಕ್ ನಕ್ಷತ್ರವನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾನೆಂದು ಹೇಳಿ, ತಾವೂ ಒಂದು ಕಜ್ಜಾಯ ಎತ್ತಿಕೊಳ್ಳುತ್ತಾರೆ. ದೊಡ್ಡಲಕ್ಷ್ಮಮ್ಮ ಕೈ ತೊಳೆದು, ಸೆರಗು ಬಿಚ್ಚಿ ಹೊದ್ದುಕೊಂಡು, ಗೋಡೆ ಸುತ್ತಿ ಚರ್ಚಿನ ಮುಂದಕ್ಕೆ ಬರುತ್ತಾರೆ. ಬಿಸಿಲು ಮಂಟಪ ಬಿಟ್ಟು ಹೋಗಿ ಬಹಳ ಹೊತ್ತಾಗಿದೆ. ನೆರಳಲ್ಲಿ ತೂಗುತ್ತಿರುವ ನಕ್ಷತ್ರ ಈಗ ಹಳದಿ ಬಟ್ಟೆಯ ಹಾಗೆ ಕಾಣುತ್ತದೆ, ಅಷ್ಟೇ. ಅವರು ಕೆಳಗೆ ನಿಂತು ನೋಡುತ್ತಾರೆ. ಒಂದು ಕಡೆ ನೂಲು ತೆಳುವಾಗಿರುವುದನ್ನು ಕಂಡು ಆ ಮೂಲೆ ಮೇಲೆ ಬರುವಂತೆ ತಿರುಗಿಸುತ್ತಾರೆ.

ಲೂರ್ದಮ್ಮನವರಿಗೆ ತಡೆಯಲಾಗುವುದಿಲ್ಲ. "ಬೆಳಗ್ಗೆ ನೋಡ್ಬೇಕಿತ್ತು ಕಣಮ್ಮಿ ನೀನು. ಬೆಂಕಿ ಹತ್ತಿದಂಗಿತ್ತು. ಊರಿಗ್ ಊರೇ ಉಸ್ರು ಹಿಡ್ಕೊಂಡ್ ನಿಂತಿತ್ತು. ಮಾಡಿದೋಳೇ ನೋಡ್ಲಿಲ್ವಲ್ಲ, ನನ್ ಹೊಟ್ಟೆ ಉರೀತದೆ."

ದೊಡ್ಡಲಕ್ಷ್ಮಮ್ಮ ನಕ್ಷತ್ರದಿಂದ ಕಣ್ಣು ತೆಗೆಯುವುದಿಲ್ಲ. ಇನ್ನೂ ನಡೆಯುತ್ತಿರುವ ಒಂದೆರಡು ಹುಳುಗಳನ್ನು ನೋಡುತ್ತಾ, ಗೆಳತಿಯನ್ನು ಸಮಾಧಾನ ಮಾಡುವವರಂತೆ ಹೇಳುತ್ತಾರೆ:

"ನಾಳೀಕೂ ಬೆಳಗಾಯ್ತದಲ್ಲ, ಬುಡು."